ಬಿಳಿ ಪರದೆಯ ರಾತ್ರಿ

ರಾಜ್ಯೋತ್ಸವದ ನೋಂದಣಿ ಪುಟ ಒಂದು ರಾತ್ರಿ ಬರೀ ಬಿಳಿಯಾಗಿತ್ತಲ್ಲ, ಅದು ನನ್ನದೇ ಕೆಲಸ! ರಿಯಾಕ್ಟ್ ಲೈಬ್ರರಿಯನ್ನು 17ರಿಂದ ನೇರ 19ಕ್ಕೆ ಏರಿಸಿದ್ದೆ. ಹಳೆಯ ರೆಂಡರ್ ಫಂಕ್ಷನ್ 19ರಲ್ಲಿ ಇಲ್ಲವೇ ಇಲ್ಲ, ಕ್ರಿಯೇಟ್‌ರೂಟ್ ಬಳಸಬೇಕು. 2022ರಲ್ಲಿ ಬಂದ 18 ಕನ್ಸೋಲ್‌ನಲ್ಲಿ ಈ ಎಚ್ಚರಿಕೆ ಕೊಡುತ್ತಿತ್ತು. ನಾನು ಆ ಮೆಟ್ಟಿಲನ್ನೇ ಹಾರಿದ್ದೆ.

ತಿದ್ದಿದೆ, ಪುಟ ಬಂತು. ಆದರೆ ಊಟಕ್ಕೆ ಎಷ್ಟು ಜನ ಎಂಬಲ್ಲಿ ತಾನಾಗಿ ಬರಬೇಕಿದ್ದ 1 ಮಾಯ! ಫಂಕ್ಷನ್ ಕಾಂಪೊನೆಂಟ್‌ಗಳ ಡಿಫಾಲ್ಟ್‌ಪ್ರಾಪ್ಸ್ ಅನ್ನು 19 ಸದ್ದಿಲ್ಲದೆ ಕಡೆಗಣಿಸುತ್ತದೆ. ನನಗೆ ಹೆಚ್ಚು ಭಯವಾದದ್ದು ಇದಕ್ಕೇ. ಬಿಳಿ ಪರದೆಯಾದರೆ ಕಣ್ಣಿಗಾದರೂ ಬೀಳುತ್ತದೆ.

ಗಿಟ್‌ನಲ್ಲಿದ್ದ ಹಳೆಯ ಪ್ರತಿ, ಲಾಕ್ ಫೈಲ್ ಮಾನ ಉಳಿಸಿದವು. ಆಮೇಲೆ ಬೇರೆ ಬ್ರಾಂಚ್‌ನಲ್ಲಿ ಮೊದಲು 18.3ಕ್ಕೆ ಏರಿಸಿ, ಎಚ್ಚರಿಕೆಗಳನ್ನು ಒಂದೊಂದಾಗಿ ತೀರಿಸಿ, ನಂತರ 19ಕ್ಕೆ ಹೋದೆ. ಆ ರಾತ್ರಿ ನೋಂದಾಯಿಸಿದವರು ಊಟದ ಕೂಪನ್‌ಗೆ ಮೊದಲು ನನ್ನನ್ನು ಕಾಣಿ.