ತಗ್ಗು ದನಿಗೊಂದು ತಾವು



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹುಟ್ಟಿ ಬೆಳೆದವರು ಉರುಮೆಯ ಸದ್ದನ್ನು ಮರೆಯಲಾರರು. ನಡು ಸಣ್ಣಗಿರುವ, ಎರಡು ಮುಖಗಳ ಚರ್ಮವಾದ್ಯ ಅದು. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದು ಮುಖದ ಮೇಲೆ ಬಾಗಿದ ಕಡ್ಡಿಯನ್ನು ಉಜ್ಜುತ್ತಾರೆ. ದೇವರ ಹಬ್ಬಗಳಲ್ಲಿ, ಜಾತ್ರೆಗಳಲ್ಲಿ ಅದು ಮೊಳಗಿದರೆ ಕಿವಿಗಿಂತ ಮೊದಲು ಎದೆಗೆ ತಟ್ಟುತ್ತದೆ. ಆದರೆ ಅದೇ ಉರುಮೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಮನೆಗೆ ಬಂದು ಕೇಳಿದರೆ ಯಾರೋ ಖಾಲಿ ಡಬ್ಬವನ್ನು ಕೆರೆದಂತೆ ಇರುತ್ತದೆ. ಹಾಗಾದರೆ ಆ ಗುಡುಗು ಎಲ್ಲಿ ಹೋಯಿತು?

ಇಂದಿನ ನನ್ನ ಮಾತು ಈ ಪ್ರಶ್ನೆಯಿಂದಲೇ ಹುಟ್ಟಿದ್ದು. ಮೊಳಕಾಲ್ಮೂರಿನಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ಊರೂರು ತಿರುಗಿ ಒಳ್ಳೆಯ ರೆಕಾರ್ಡರಿನಲ್ಲಿ ಉರುಮೆಯನ್ನು ಮುದ್ರಿಸಿಕೊಂಡು ಬಂದವರು. ಅದನ್ನು ಮನೆಯಲ್ಲಿ ಅದರ ನಿಜವಾದ ದನಿಯಲ್ಲಿ ಕೇಳಬೇಕೆಂಬ ಆಸೆಯಿಂದ, ಮೈಕ್‌ಸೆಟ್ಟಿನವರೊಬ್ಬರು ಮಾರಿದ ಹಳೆಯ ಹದಿನೈದು ಇಂಚಿನ ಬೇಸ್ ಬಾಕ್ಸ್ ಒಂದನ್ನು ಕೊಂಡು ತಂದರು. ಅದನ್ನು ಪಳಗಿಸಲು ನಾವಿಬ್ಬರೂ ಪಟ್ಟ ಪಾಡಿನಲ್ಲಿ ನಿಮ್ಮ ಪಠ್ಯಪುಸ್ತಕದ ಧ್ವನಿಶಾಸ್ತ್ರ ಬಹುಪಾಲು ಅಡಗಿದೆ.

ಮೊದಲು ತಗ್ಗು ದನಿ ಎಂದರೇನು ನೋಡೋಣ. ಮನುಷ್ಯನ ಕಿವಿಗೆ ಸ್ಥೂಲವಾಗಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಆವೃತ್ತಿಗಳು ಕೇಳಿಸುತ್ತವೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ ಎಂಬುದು ನಿಮಗೆ ಗೊತ್ತು. 5,000 ಹರ್ಟ್ಸ್‌ನ ಸದ್ದಿನ ತರಂಗದೂರ ಕೇವಲ 7 ಸೆಂಟಿಮೀಟರ್, ಅಂಗೈ ಅಗಲಕ್ಕಿಂತ ಕಡಿಮೆ. 40 ಹರ್ಟ್ಸ್‌ನದು ಎಂಟೂವರೆ ಮೀಟರಿಗೂ ಹೆಚ್ಚು. ಅಂದರೆ ತಗ್ಗು ದನಿಯ ಒಂದೇ ಒಂದು ಅಲೆ ನಮ್ಮ ಮನೆಯ ಹಾಲಿಗಿಂತ ಉದ್ದ! ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರಿಂದಲೇ ಹೊರಡುತ್ತದೆ.

ತಗ್ಗು ದನಿಗೆ ದೊಡ್ಡ ಸ್ಪೀಕರು ಏಕೆ ಬೇಕು? ಸದ್ದು ಹುಟ್ಟಬೇಕಾದರೆ ಸ್ಪೀಕರಿನ ಕಾಗದದ ಶಂಕು ಗಾಳಿಯನ್ನು ತಳ್ಳಬೇಕು. ಆವೃತ್ತಿ ಅರ್ಧಕ್ಕೆ ಇಳಿದರೆ ಅಷ್ಟೇ ಬಲದ ಸದ್ದಿಗೆ ನಾಲ್ಕು ಪಟ್ಟು ಗಾಳಿಯನ್ನು ಸರಿಸಬೇಕಾಗುತ್ತದೆ. 80 ಹರ್ಟ್ಸ್‌ಗೆ ಒಂದು ಚೊಂಬು ಸಾಕಾದರೆ 40 ಹರ್ಟ್ಸ್‌ಗೆ ನಾಲ್ಕು ಚೊಂಬು ಎನ್ನಿ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರು ಇದನ್ನು ಮಾಡಲಾರದು. ನಾಲ್ಕು ಇಂಚಿನ ಸ್ಪೀಕರಿಗೆ ಹೋಲಿಸಿದರೆ ಹದಿನೈದು ಇಂಚಿನದರ ಮುಖ ಸುಮಾರು 14 ಪಟ್ಟು ವಿಸ್ತಾರ. ಆದ್ದರಿಂದ ಅದು ಸ್ವಲ್ಪವೇ ಮಿಸುಕಿದರೂ ಬೇಕಾದಷ್ಟು ಗಾಳಿ ಸರಿಯುತ್ತದೆ. ಹೀಗೆ ತೀರ ತಗ್ಗಿನ ದನಿಗಾಗಿಯೇ ಮೀಸಲಾದ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು.

ಸಬ್‌ವೂಫರುಗಳಲ್ಲಿ ಎರಡು ಬಗೆ. ಅಂಗಡಿಯಲ್ಲಿ ಮನೆ ಬಳಕೆಗೆಂದು ಸಿಗುವವುಗಳಲ್ಲಿ ಬಹುಪಾಲು ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಇರುತ್ತದೆ. ಇದು ಆಕ್ಟಿವ್ ಬಗೆ. ಮೇಷ್ಟ್ರು ತಂದದ್ದು ಪ್ಯಾಸಿವ್ ಬಗೆ. ಒಳಗೆ ಸ್ಪೀಕರು ಬಿಟ್ಟರೆ ಬೇರೇನೂ ಇಲ್ಲ. ಎತ್ತಿಗೆ ನೊಗ, ಗಾಡಿ ಎಲ್ಲವನ್ನೂ ನಾವೇ ಹೊಂದಿಸಬೇಕು. ಅದಕ್ಕೆ ಹೊರಗಿನಿಂದ ಒಂದು ಪ್ರತ್ಯೇಕ ಆಂಪ್ಲಿಫೈಯರ್ ಬೇಕು. ಮೇಲಿನ ಆವೃತ್ತಿಗಳನ್ನು ತಡೆದು ಕೆಳಗಿನವನ್ನು ಮಾತ್ರ ಬಿಡುವ ಫಿಲ್ಟರ್ ಬೇಕು. 80 ಹರ್ಟ್ಸ್‌ಗಿಂತ ಕೆಳಗಿನದು ದೊಡ್ಡ ಪೆಟ್ಟಿಗೆಗೆ, ಮೇಲಿನದು ಮಾಮೂಲಿ ಸ್ಪೀಕರುಗಳಿಗೆ ಎಂದು ಪಾಲು ಮಾಡುವುದು ರೂಢಿ. ಉರುಮೆಯ ಕಡ್ಡಿ ಉಜ್ಜುವ ಕಿರುಗುಟ್ಟುವಿಕೆ ಸಣ್ಣ ಸ್ಪೀಕರಿನ ಪಾಲು. ಹೊಟ್ಟೆಯಾಳದ ಗುಂಕಾರ ದೊಡ್ಡದರ ಪಾಲು.

ಮೇಷ್ಟ್ರು ಮೊದಲು ಯೋಚಿಸಿದ್ದು, ಸ್ಪೀಕರ್ ತಂತಿಯ ನಡುವೆ ಒಂದು ತಾಮ್ರದ ಸುರುಳಿಯನ್ನು ಸೇರಿಸಿ ಫಿಲ್ಟರ್ ಮಾಡೋಣ ಎಂದು. ಲೆಕ್ಕ ಹಾಕಿದೆವು. 8 ಓಮ್‌ನ ಸ್ಪೀಕರಿಗೆ 80 ಹರ್ಟ್ಸ್‌ನಲ್ಲಿ ತಡೆಯೊಡ್ಡಲು ಸುಮಾರು 16 ಮಿಲಿಹೆನ್ರಿಯ ಸುರುಳಿ ಬೇಕು. ಅದು ತೂಕದ ವಸ್ತು, ದುಬಾರಿ, ಸಾಲದ್ದಕ್ಕೆ ಅದರ ತಂತಿಯ ರೋಧವೇ ಒಂದಿಷ್ಟು ಶಕ್ತಿಯನ್ನು ತಿಂದುಹಾಕುತ್ತದೆ. ಅದಕ್ಕಿಂತ, ಆಂಪ್ಲಿಫೈಯರಿಗೆ ಹೋಗುವ ಮೊದಲೇ ದುರ್ಬಲ ಸಂಕೇತವನ್ನು ಎಲೆಕ್ಟ್ರಾನಿಕ್ ಕ್ರಾಸ್‌ಓವರಿನಲ್ಲಿ ಸೋಸುವುದು ಜಾಣತನ. ಹೋಮ್ ಥಿಯೇಟರ್ ರಿಸೀವರಿನಲ್ಲಿ ಸಬ್‌ವೂಫರಿಗೆಂದೇ ಒಂದು ಕಿಂಡಿ ಇರುತ್ತದೆ. ಅದರಿಂದ ಬರುವುದು ಇಂಥದೇ ದುರ್ಬಲ ಸಂಕೇತ. ಅದನ್ನು ನೇರವಾಗಿ ಪ್ಯಾಸಿವ್ ಪೆಟ್ಟಿಗೆಗೆ ಕೊಟ್ಟರೆ ಶಂಕು ಅಲುಗುವುದೂ ಇಲ್ಲ. ನಡುವೆ ಆಂಪ್ಲಿಫೈಯರ್ ಇರಲೇಬೇಕು.

ಆಂಪ್ಲಿಫೈಯರ್ ಎಷ್ಟು ವ್ಯಾಟಿನದು? ಪೆಟ್ಟಿಗೆಯ ಹಿಂದೆ 600 ವ್ಯಾಟ್ ಎಂದು ಬರೆದಿತ್ತು. ಅಷ್ಟು ಕೊಡಲೇಬೇಕೆಂದು ಅದರ ಅರ್ಥವಲ್ಲ. ಅದು ಸ್ಪೀಕರು ಸುಡದೆ ತಾಳಿಕೊಳ್ಳುವ ಮಿತಿ. ಮನೆಯ ಹಾಲಿಗೆ 100 ವ್ಯಾಟ್ ಧಾರಾಳ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. 10 ಡೆಸಿಬೆಲ್ ಹೆಚ್ಚಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಆದರೆ ಓಮ್ ವಿಷಯದಲ್ಲಿ ಉದಾಸೀನ ಸಲ್ಲದು. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಆಂಪ್ಲಿಫೈಯರು ಅದನ್ನು ತಾಳುತ್ತದೆಯೇ ಎಂದು ಅದರ ಹಿಂಬದಿಯಲ್ಲಿ ಬರೆದಿರುವುದನ್ನು ಓದಿಯೇ ಮುಂದುವರಿಯಬೇಕು.

ತಂತಿಯೂ ಮುಖ್ಯ. ಆಂಪ್ಲಿಫೈಯರಿನಿಂದ ಪೆಟ್ಟಿಗೆ ಹತ್ತು ಮೀಟರ್ ದೂರವಿದ್ದರೆ ಹೋಗಿಬರುವ ತಂತಿ ಇಪ್ಪತ್ತು ಮೀಟರ್. ಅರ್ಧ ಚದರ ಮಿಲಿಮೀಟರಿನ ತೆಳ್ಳನೆಯ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.7 ಓಮ್. ಎರಡೂವರೆ ಚದರ ಮಿಲಿಮೀಟರಿನದಾದರೆ 0.14 ಓಮ್. ಯಾವುದು ಮೇಲೆಂದು ನೀವೇ ಹೇಳಬಲ್ಲಿರಿ.

ಎಲ್ಲ ಸರಿಯಾಗಿ ಜೋಡಿಸಿ, ಹಾಲಿನ ನಡುವೆ ಕುರ್ಚಿ ಹಾಕಿಕೊಂಡು ಕುಳಿತೆವು. ಮೇಷ್ಟ್ರು ಉರುಮೆ ಹಾಕಿದರು. ಗುಡುಗು ಬರಲಿಲ್ಲ! ಸದ್ದು ಏರಿಸಿದರು. ಆಗಲೂ ಕುರ್ಚಿಯಲ್ಲಿ ಅಷ್ಟಕ್ಕಷ್ಟೇ. ಆದರೆ ಅಡುಗೆಮನೆಯ ಬಾಗಿಲಿನ ಬಳಿ, ಗೋಡೆಗೆ ಒರಗಿ ನಿಂತಿದ್ದ ಅವರ ಮನೆಯವರು ಕಿವಿ ಮುಚ್ಚಿಕೊಂಡರು. ಒಂದೇ ಕೋಣೆ, ಒಂದೇ ಪೆಟ್ಟಿಗೆ; ನಡುವೆ ಬರ, ಗೋಡೆಯ ಬಳಿ ನೆರೆ.

ಇದು ಪಿ.ಯು.ಸಿ. ಪ್ರಯೋಗಾಲಯದಲ್ಲಿ ನೀವು ಕಾಣುವ ಸ್ಥಾಯೀ ತರಂಗದ ಆಟವೇ. ಎದುರುಬದುರು ಗೋಡೆಗಳ ನಡುವೆ ಅಲೆ ಬಡಿದು ಹಿಂದಿರುಗಿ, ಹೋಗುವ ಅಲೆಯೂ ಬರುವ ಅಲೆಯೂ ಕೂಡಿಕೊಳ್ಳುತ್ತವೆ. ಕೋಣೆಯ ಉದ್ದ ಅರ್ಧ ತರಂಗದೂರಕ್ಕೆ ಸಮವಾದಾಗ ಗೋಡೆಗಳ ಬಳಿ ಒತ್ತಡ ಗರಿಷ್ಠ, ನಟ್ಟನಡುವೆ ಕನಿಷ್ಠ. ಲೆಕ್ಕ ಸುಲಭ: 172ನ್ನು ಕೋಣೆಯ ಉದ್ದದಿಂದ, ಮೀಟರಿನಲ್ಲಿ, ಭಾಗಿಸಿ. ಮೇಷ್ಟ್ರ ಹಾಲು 4.3 ಮೀಟರ್ ಉದ್ದ. ಉತ್ತರ 40 ಹರ್ಟ್ಸ್. ಅಗಲ 3 ಮೀಟರ್. ಉತ್ತರ 57 ಹರ್ಟ್ಸ್. ನಾವು ಕುರ್ಚಿ ಹಾಕಿದ್ದು ಎರಡಕ್ಕೂ ಸರಿಯಾಗಿ ನಡುವೆ! ವಾದ್ಯದ ತಪ್ಪಲ್ಲ, ಪೆಟ್ಟಿಗೆಯ ತಪ್ಪೂ ಅಲ್ಲ, ನಾವು ಕುಳಿತ ಜಾಗದ ತಪ್ಪು.

ಹಾಗಾದರೆ ಪೆಟ್ಟಿಗೆಯನ್ನು ಎಲ್ಲಿಡಬೇಕು? ಮೂಲೆಗಿಟ್ಟರೆ ಸದ್ದು ಹೆಚ್ಚುತ್ತದೆ, ಆದರೆ ಕೋಣೆಯ ಎಲ್ಲ ಅನುರಣನಗಳೂ ಒಟ್ಟಿಗೆ ಎದ್ದು ಒಂದು ಸ್ವರ ಅಬ್ಬರಿಸಿ ಇನ್ನೊಂದು ಮಂಕಾಗಬಹುದು. ಸರಿಯಾದ ತಾವನ್ನು ಹುಡುಕಲು ಒಂದು ಸೊಗಸಾದ ಉಪಾಯವಿದೆ. ಪೆಟ್ಟಿಗೆಯನ್ನೇ ನೀವು ಕೂರುವ ಜಾಗದಲ್ಲಿಟ್ಟು, ನೀವು ಮಗುವಿನಂತೆ ಅಂಬೆಗಾಲಿಟ್ಟು ಗೋಡೆಗುಂಟ ಸಾಗಿ ಆಲಿಸಿ. ಎಲ್ಲಿ ತಗ್ಗು ಸ್ವರಗಳೆಲ್ಲ ಹದವಾಗಿ, ಸಮನಾಗಿ ಕೇಳುತ್ತವೆಯೋ ಅಲ್ಲಿಗೆ ಪೆಟ್ಟಿಗೆಯನ್ನು ಒಯ್ಯಿರಿ, ನೀವು ಕುರ್ಚಿಗೆ ಹಿಂದಿರುಗಿ. ಸದ್ದಿನ ಮೂಲವನ್ನೂ ಕೇಳುಗನನ್ನೂ ಅದಲುಬದಲು ಮಾಡಿದರೆ ಫಲಿತಾಂಶ ಬದಲಾಗದು ಎಂಬ ಪರಸ್ಪರತೆಯ ನಿಯಮ ಇದಕ್ಕೆ ಆಧಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಲಾರ್ಡ್ ರೇಲಿ ಇದನ್ನು ವಿವರಿಸಿದರು. ಅರವತ್ತು ದಾಟಿದ ಮೇಷ್ಟ್ರು ಅಂಬೆಗಾಲಿಟ್ಟದ್ದನ್ನು ಕಂಡು ಮೊಮ್ಮಕ್ಕಳು ನಕ್ಕರು. ಆದರೆ ಜಾಗ ಸಿಕ್ಕಿತು: ಉದ್ದದ ಗೋಡೆಗೆ ತಾಗಿ, ಮೂಲೆಯಿಂದ ಎರಡು ಮೊಳ ಈಚೆಗೆ. ಕುರ್ಚಿಯನ್ನೂ ನಡುವಿನಿಂದ ಹಿಂದಕ್ಕೆ ಸರಿಸಿದೆವು.

ಇನ್ನೂ ಒಂದು ತೊಡಕು ಉಳಿದಿತ್ತು. ಪೆಟ್ಟಿಗೆಯ ತಂತಿಗಳ ಧನ-ಋಣ ತುದಿಗಳು ಅದಲುಬದಲಾಗಿ, ದೊಡ್ಡ ಶಂಕು ಮುಂದೆ ಬರುವಾಗ ಸಣ್ಣ ಶಂಕುಗಳು ಹಿಂದೆ ಸರಿಯುತ್ತಿದ್ದವು. ಎರಡೂ ಸ್ಪೀಕರುಗಳು ನುಡಿಯುವ 80 ಹರ್ಟ್ಸ್‌ನ ಸುತ್ತಮುತ್ತ ಒಂದರ ಸದ್ದನ್ನು ಇನ್ನೊಂದು ಅಳಿಸುತ್ತಿತ್ತು. ತಂತಿಗಳನ್ನು ಬದಲಿಸಿದೊಡನೆ ದನಿ ತುಂಬಿ ಬಂತು. ಇದನ್ನು ಪರೀಕ್ಷಿಸಲು ಆಂಪ್ಲಿಫೈಯರಿನಿಂದ ಬಿಡಿಸಿದ ತಂತಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಾಗಿಸಿದರೆ ಸಾಕು. ಧನ ತುದಿಗೆ ಧನ ತಾಗಿದರೆ ಶಂಕು ಹೊರಕ್ಕೆ ಜಿಗಿಯುತ್ತದೆ.

ಗುಂಯ್ ಎಂಬ ಸತತ ಮೊರೆತ ಕೇಳಿದರೆ ಅದು ನಮ್ಮ ವಿದ್ಯುತ್ತಿನದು. ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದಲ್ಲವೇ? ಅದು ಸಬ್‌ವೂಫರಿನ ಅಂಗಳದಲ್ಲೇ ಬೀಳುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಕಡೆಯ ಸಾಕೆಟ್ಟುಗಳಿಗೆ ಕೊಟ್ಟು, ಸಂಕೇತದ ತಂತಿಯನ್ನು ವಿದ್ಯುತ್ ತಂತಿಯಿಂದ ದೂರವಿಟ್ಟರೆ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಮೊರೆತ ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಎಂದಿಗೂ ಕೀಳಬೇಡಿ. ಅದು ಪ್ರಾಣ ಕಾಯುವ ಕಡ್ಡಿ.

ಮಿತ್ರರೇ, ಇಲ್ಲಿಗೆ ಕಥೆ ಮುಗಿಯಲಿಲ್ಲ. ಮೇಷ್ಟ್ರ ಗೋಡೆಯ ಆಚೆ ನೇಕಾರರ ಮನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗಳು ನಿಮಗೆ ಗೊತ್ತಲ್ಲ, ಅಂಥ ಸೀರೆ ನೇಯುವ ಮಗ್ಗ ಅಲ್ಲಿದೆ. ಮೂರನೆಯ ದಿನ ಆ ಮನೆಯ ಹೆಣ್ಣುಮಗಳು ಬಂದು ಹೇಳಿದರು: “ಮೇಷ್ಟ್ರೇ, ನಿಮ್ಮ ಹಾಡು ನಮ್ಮನಿಗೆ ಬರಲ್ಲ, ಅದರ ಗುದ್ದು ಮಾತ್ರ ಬರ್ತೈತೆ. ನಿಲುವಿನ ಮ್ಯಾಲಿನ ಚೊಂಬು ನಡುಗ್ತಾವೆ. ರಾತ್ರಿ ಕೂಸು ಬೆಚ್ಚಿ ಬೀಳ್ತೈತೆ.”

ಆಕೆ ಶಾಸ್ತ್ರ ಓದಿದವರಲ್ಲ. ಆದರೂ ಧ್ವನಿಶಾಸ್ತ್ರದ ದೊಡ್ಡ ಸತ್ಯವೊಂದನ್ನು ಎರಡೇ ಮಾತಿನಲ್ಲಿ ಹೇಳಿದರು. ಗೋಡೆ ಮೇಲಿನ ಆವೃತ್ತಿಗಳನ್ನು ತಡೆಯುತ್ತದೆ. ಕೆಳಗಿನವನ್ನು ಸುಲಭವಾಗಿ ದಾಟಬಿಡುತ್ತದೆ. ನಮಗೆ ಸಂಗೀತವಾಗಿ ಕೇಳುವುದು ನೆರೆಯವರಿಗೆ ಬರಿಯ ಗುದ್ದಾಗಿ ತಲಪುವುದು ಹೀಗೆ.

ಮೇಷ್ಟ್ರು ಚಳ್ಳಕೆರೆಯ ಸಂತೆಯಿಂದ ನಾಲ್ಕು ಕುರಿ ಉಣ್ಣೆಯ ಕಂಬಳಿ ತಂದು ಗೋಡೆಗೆ ತೂಗುಹಾಕಿದರು. ಫಲವೇನು? ಹಾಲಿನಲ್ಲಿ ಮಾತಿನ ಪ್ರತಿಧ್ವನಿ ಅಡಗಿತು, ತಾಳದ ಕಿಣಿಕಿಣಿ ಮೃದುವಾಯಿತು, ಗುದ್ದು ಮಾತ್ರ ಇದ್ದಂತೆಯೇ ಇತ್ತು. ಉಣ್ಣೆಯಂಥ ರಂಧ್ರಮಯ ವಸ್ತು ಅಲೆಯನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ತರಂಗದೂರದ ಕಾಲು ಭಾಗದ ಆಸುಪಾಸಿನಲ್ಲಿರಬೇಕು. 40 ಹರ್ಟ್ಸ್‌ಗೆ ಅದು ಎರಡು ಮೀಟರಿಗೂ ಹೆಚ್ಚು! ಅಷ್ಟು ದಪ್ಪದ ಕಂಬಳಿಯನ್ನು ಯಾವ ಮಗ್ಗ ನೇಯ್ದೀತು?

ಕೊನೆಗೆ ಪರಿಹಾರ ಸಿಕ್ಕಿದ್ದು ಸಲಕರಣೆಯಿಂದಲ್ಲ, ವಿವೇಕದಿಂದ. ಪೆಟ್ಟಿಗೆಯನ್ನು ನೇಕಾರರ ಕಡೆಯ ಗೋಡೆಯಿಂದ ಬಿಡಿಸಿ, ಅಂಬೆಗಾಲಿನ ಪರೀಕ್ಷೆಯನ್ನು ಮತ್ತೆ ಮಾಡಿ ಬೀದಿ ಕಡೆಯ ಗೋಡೆಗೆ ಒಯ್ದೆವು. ನೆಲಕ್ಕೆ ಕಂಪನ ಇಳಿಯದಂತೆ ಅಡಿಗೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟೆವು. ಸದ್ದನ್ನು ಅರ್ಧಕ್ಕೂ ಕಡಿಮೆ ಮಾಡಿದೆವು. ಕೇಳುವ ಹೊತ್ತನ್ನು ನೆರೆಯವರೊಡನೆ ಮಾತಾಡಿ ಸಂಜೆಗೆ ನಿಗದಿ ಮಾಡಿದೆವು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಹೊತ್ತನ್ನು ರಾತ್ರಿಯೆಂದು ಎಣಿಸುತ್ತವೆ. ಆದರೆ ನಿಯಮ ಬರುವ ಮೊದಲೇ ನೆರೆಹೊರೆ ಎಂಬುದೊಂದಿತ್ತು. ನಿಮ್ಮ ಕಿವಿಯ ಮಿತಿಯನ್ನೂ ಮರೆಯಬೇಡಿ. ವಾರಕ್ಕೆ 40 ಗಂಟೆಯ ಆಲಿಕೆಗೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಕೆಟ್ಟ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ.

ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ಸಂಶೋಧನಾ ಲೇಖನವನ್ನು ಪ್ರಕಟಿಸಿದರು. ನೊಬೆಲ್ ಪಡೆದ ವಿಜ್ಞಾನಿಗೆ ಮೃದಂಗದ ಮುಖ ಸಣ್ಣ ವಿಷಯವೆನಿಸಲಿಲ್ಲ. ನಿಮ್ಮೂರಿನ ಉರುಮೆಯೂ ಸಣ್ಣ ವಿಷಯವಲ್ಲ. ಒಂದು ಕೆಲಸ ಮಾಡಿ. ನಿಮ್ಮ ಮನೆಯ ಕೋಣೆಯನ್ನು ಅಳೆದು, 172ನ್ನು ಅದರ ಉದ್ದದಿಂದ ಭಾಗಿಸಿ. ಬಂದ ಆವೃತ್ತಿಯ ಸ್ವರವನ್ನು ಅಥವಾ ಅದರ ಇಮ್ಮಡಿಯನ್ನು, ನಿಮ್ಮಲ್ಲಿರುವ ಸ್ಪೀಕರಿನಲ್ಲಿ ಮೆಲ್ಲಗೆ ನುಡಿಸಿ, ಗೋಡೆಯಿಂದ ಗೋಡೆಗೆ ನಿಧಾನವಾಗಿ ನಡೆಯಿರಿ. ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಕಣ್ಣಿಗೆ ಕಾಣದ ಅಲೆಯ ನಕ್ಷೆ ನಿಮ್ಮ ಕಾಲ ಕೆಳಗೆ ಮೂಡುತ್ತದೆ.

ಕಳೆದ ಬಾರಿ ಮೊಳಕಾಲ್ಮೂರಿಗೆ ಹೋದಾಗ ಸಂಜೆ ಆರರ ಹೊತ್ತು. ಮೇಷ್ಟ್ರ ಹಾಲಿನಲ್ಲಿ ಉರುಮೆ ಮೆಲ್ಲಗೆ ಮೊಳಗುತ್ತಿತ್ತು. ಗೋಡೆಯ ಆಚೆಯ ಆ ಹೆಣ್ಣುಮಗಳು ಈಚೆ ಬಂದು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳುತ್ತಿದ್ದರು. ಕೂಸು ನಿದ್ದೆ ಹೋಗಿತ್ತು.