ಗುಜರಿ ಮೂಟೆಯೊಳಗಿನ ವಿಜ್ಞಾನ

(ಪಣಕಹಳ್ಳಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಲಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಪಠ್ಯ)



ಪಾಲಕರ ಸಭೆಯೆಂದರೆ ಹಾಜರಿ, ಅಂಕಪಟ್ಟಿ, ಸಮವಸ್ತ್ರಗಳ ಮಾತು ಇದ್ದದ್ದೇ. ಈ ದಿನ ಅವನ್ನು ಸ್ವಲ್ಪ ಬದಿಗಿಟ್ಟು ಗುಜರಿಯ ವಿಷಯ ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇನೆ. ಶಾಲೆಗೂ ಗುಜರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ, ಅದರಲ್ಲಿ ನಮ್ಮ ಮಕ್ಕಳ ಜೀವದ ಪ್ರಶ್ನೆಯೂ ಇದೆ.

ಓದದ ಹುಡುಗನಿಗೆ ನಾವು ಹಿರಿಯರು ಬೈಯುವ ಮಾತೊಂದುಂಟು: "ಹೀಗೇ ಇದ್ದರೆ ಗುಜರಿ ಆಯಬೇಕಾಗುತ್ತದೆ." ಇನ್ನೊಂದು ಮಾತು ನಮ್ಮನ್ನೇ ಚುಚ್ಚುವಂಥದ್ದು: "ಕನ್ನಡದಲ್ಲಿ ವಿಜ್ಞಾನ ಓದಿ ಏನು ಪ್ರಯೋಜನ, ಯಂತ್ರಗಳಿಗೆ ಕನ್ನಡ ಬರುತ್ತದೆಯೇ?" ಈ ಎರಡು ಮಾತುಗಳಿಗೂ ಒಂದೇ ಗುಜರಿ ಮೂಟೆಯಿಂದ ಉತ್ತರ ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಮೊದಲು ನಮ್ಮ ಹಿತ್ತಲನ್ನೇ ನೋಡೋಣ. ತುಕ್ಕು ಹಿಡಿದ ಕೊಳವೆಬಾವಿಯ ಪೈಪು, ಸುಟ್ಟ ಮೋಟಾರು, ಮುರಿದ ನೇಗಿಲ ಕುಳ, ತೂತು ಬಿದ್ದ ಅಲ್ಯೂಮಿನಿಯಂ ಪಾತ್ರೆ, ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿಯ ಸತ್ತ ಬ್ಯಾಟರಿ. ಗುಜರಿಯವನು ಬಂದಾಗ ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಒಂದೇ ಬೆಲೆಗೆ ಕೊಟ್ಟು, ಮನೆ ಚೊಕ್ಕಟವಾಯಿತೆಂದು ಕೈ ತೊಳೆದುಕೊಳ್ಳುತ್ತೇವೆ. ನಾವು ಕಸವೆಂದು ಕೊಟ್ಟದ್ದು ಕಾರ್ಖಾನೆಗೆ ಕಚ್ಚಾ ಸಾಮಗ್ರಿ.

ಅದರ ಬೆಲೆ ಏನೆಂದು ತಿಳಿಯಲು ಗುಡ್ಡಗಳ ಕಡೆ ನೋಡಬೇಕು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಆರಂಭವಾದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಕುಲುಮೆಗೆ ಇದ್ದಿಲು ಒದಗಿಸಿದ್ದು ಮಲೆನಾಡಿನ ಕಾಡು. ಕುದುರೆಮುಖದಲ್ಲಿ ದಶಕಗಳ ಕಾಲ ಬೆಟ್ಟ ಅಗೆದು ಅದಿರು ತೆಗೆದರು; ಕಾಡಿಗೂ ಭದ್ರಾ ನದಿಗೂ ಆಗುತ್ತಿದ್ದ ಹಾನಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಯಲ್ಲಿ ಅಲ್ಲಿನ ಗಣಿಗಾರಿಕೆ ನಿಂತಿತು. ಕಬ್ಬಿಣ ಬೇಕೆಂದರೆ ಎಲ್ಲೋ ಒಂದು ಬೆಟ್ಟ ಕರಗಲೇಬೇಕು. ಹಳೆಯ ಕಬ್ಬಿಣವನ್ನು ಮರಳಿ ಕರಗಿಸಿದರೆ ಅಷ್ಟರಮಟ್ಟಿಗೆ ಬೆಟ್ಟ ಉಳಿಯುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಉಕ್ಕಿನ ಗುಜರಿ ಮರುಬಳಕೆ ನೀತಿಯಲ್ಲಿ ಇದರ ಲೆಕ್ಕ ಕೊಟ್ಟಿದೆ. ಒಂದು ಟನ್ ಗುಜರಿ ಬಳಸಿದರೆ 1.1 ಟನ್ ಅದಿರು, 630 ಕಿಲೋ ಕಲ್ಲಿದ್ದಲು, 55 ಕಿಲೋ ಸುಣ್ಣಕಲ್ಲು ಉಳಿಯುತ್ತವೆ. ಅಲ್ಯೂಮಿನಿಯಂ ಮಾತಂತೂ ಇನ್ನೂ ದೊಡ್ಡದು. ಅದಿರಿನಿಂದ ಅದನ್ನು ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಐದು ಪಾಲಿನಷ್ಟಿದ್ದರೆ ಹಳೆಯ ಪಾತ್ರೆಯನ್ನು ಕರಗಿಸಿ ಹೊಸದು ಮಾಡಬಹುದು. ಬೆಟ್ಟ ಕಾಡುಗಳ ನಡುವೆ ಬಾಳುವ ನಮಗೆ ಈ ಲೆಕ್ಕ ಬೇಗ ಅರ್ಥವಾಗಬೇಕು.

ಈಗ ನಮ್ಮ ಮೂಟೆಯ ಹಿಂದೆಯೇ ಹೋಗೋಣ. ಅದು ಹಳ್ಳಿಯಿಂದ ಪಟ್ಟಣದ ಗುಜರಿ ಅಂಗಡಿಗೆ, ಅಲ್ಲಿಂದ ದೊಡ್ಡ ಅಂಗಳಕ್ಕೆ, ಕೊನೆಗೆ ಕುಲುಮೆಗೆ ಸೇರುತ್ತದೆ. ದಾರಿಯುದ್ದಕ್ಕೂ ಸಿಗುವ ಯಂತ್ರಗಳನ್ನು ಗಮನಿಸಿ.

ಉದ್ದನೆಯ ಸಲಾಕೆ, ಪೈಪುಗಳನ್ನು ತುಂಡರಿಸಲು ಮೊಸಳೆ ಕತ್ತರಿ ಎಂಬ ಯಂತ್ರವಿದೆ. ಮೊಸಳೆಯ ಬಾಯಿಯಂತೆ ತೆರೆದು ಮುಚ್ಚುವ ಈ ಯಂತ್ರದ ಕೆಳದವಡೆ ಸ್ಥಿರ, ಮೇಲ್ದವಡೆ ಚಲಿಸುತ್ತದೆ. ನಮ್ಮ ಮಕ್ಕಳು ಓದುವ ಸನ್ನೆಯ ಪಾಠವೇ ಇದು. ತಗಡು, ಡಬ್ಬಗಳನ್ನು ಒತ್ತಿ ಇಟ್ಟಿಗೆಯಂತೆ ಕಟ್ಟು ಮಾಡುವುದು ಬೇಲಿಂಗ್ ಪ್ರೆಸ್. ಸಣ್ಣ ಕೊಳವೆಯಲ್ಲಿ ಎಣ್ಣೆಯ ಮೇಲೆ ಹಾಕಿದ ಒತ್ತಡ ದೊಡ್ಡ ಕೊಳವೆಯಲ್ಲಿ ಹಲವು ಪಟ್ಟು ಬಲವಾಗಿ ಹೊಮ್ಮುತ್ತದೆ. ಇದು ಪ್ಯಾಸ್ಕಲನ ನಿಯಮ. ಇನ್ನೂ ದೊಡ್ಡ ಕಾರ್ಖಾನೆಗಳಲ್ಲಿ ಶ್ರೆಡರ್ ಇರುತ್ತದೆ. ಭಾರಿ ಸುತ್ತಿಗೆಗಳು ವೇಗವಾಗಿ ತಿರುಗಿ ಹಳೆಯ ಕಾರನ್ನೂ ಚೂರು ಚೂರು ಮಾಡುತ್ತವೆ.

ಆ ಚೂರುಗಳಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ರಬ್ಬರು, ಗಾಜು ಎಲ್ಲವೂ ಬೆರೆತಿರುತ್ತವೆ. ಬೇರ್ಪಡಿಸುವುದು ಹೇಗೆ? ಮೊದಲಿಗೆ ತಿರುಗುವ ಅಯಸ್ಕಾಂತದ ಉರುಳೆ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ಮರಳಿನಲ್ಲಿ ಬೆರೆತ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಎತ್ತುವ ಪ್ರಯೋಗವನ್ನು ನಮ್ಮ ಶಾಲೆಗಳಲ್ಲಿ ಚಿಕ್ಕ ಮಕ್ಕಳೇ ಮಾಡುತ್ತಾರೆ. ಆದರೆ ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟದು. ಅದಕ್ಕೆ ಬೇರೆ ಉಪಾಯ. ಪಟ್ಟಿಯ ತುದಿಯಲ್ಲಿ ಅಯಸ್ಕಾಂತಗಳನ್ನು ಬಲು ವೇಗವಾಗಿ ತಿರುಗಿಸಿದರೆ ಲೋಹದ ಚೂರಿನೊಳಗೆ ಸುಳಿಯಾಕಾರದ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹವೇ ಚೂರನ್ನು ಚಿಮ್ಮಿಸಿ ದೂರ ಎಸೆಯುತ್ತದೆ. ಗಾಜು, ರಬ್ಬರು ಮಾತ್ರ ನೇರ ಕೆಳಗೆ ಬೀಳುತ್ತವೆ. ಪ್ರೌಢಶಾಲೆಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆ ಇಲ್ಲಿ ಕೂಲಿಯಾಳಿನಂತೆ ದುಡಿಯುತ್ತದೆ.

ಕೊನೆಗೆ ಕುಲುಮೆ. ಸೀಸ 327 ಡಿಗ್ರಿಯಲ್ಲಿ, ಅಲ್ಯೂಮಿನಿಯಂ 660ರಲ್ಲಿ, ತಾಮ್ರ 1,085ರಲ್ಲಿ, ಕಬ್ಬಿಣ 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಬ್ಬಿಣದ ಜೊತೆ ತಾಮ್ರ ಬೆರೆತರೆ ಉಕ್ಕಿನ ಗುಣ ಕೆಡುತ್ತದೆ. ಆದ್ದರಿಂದಲೇ ವಿಂಗಡಿಸಿದ ಗುಜರಿಗೆ ಬೆಲೆ ಹೆಚ್ಚು, ಬೆರಕೆಗೆ ಕಡಿಮೆ.

ಸನ್ನೆ, ಒತ್ತಡ, ಅಯಸ್ಕಾಂತ, ಪ್ರೇರಣೆ, ಕರಗುವ ಬಿಂದು: ಇವೆಲ್ಲ ನಮ್ಮ ಮಕ್ಕಳ ಕನ್ನಡ ಪುಸ್ತಕದಲ್ಲಿರುವ ಮಾತುಗಳು. ಯಂತ್ರಕ್ಕೆ ಯಾವ ಭಾಷೆಯೂ ಬಾರದು. ಅದಕ್ಕೆ ಗೊತ್ತಿರುವುದು ನಿಯಮ. ಆ ನಿಯಮವನ್ನು ತಾಯಿನುಡಿಯಲ್ಲಿ ಮನದಟ್ಟು ಮಾಡಿಕೊಂಡ ಮಗು ಅದರ ತಮಿಳು ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ಆಮೇಲೆ ಕಲಿಯಬಲ್ಲದು. ಕಲಿಯಲೇಬೇಕು ಕೂಡ. ನಾವಿರುವುದು ತಮಿಳುನಾಡಿನಲ್ಲಿ, ನಾಳೆ ಈರೋಡಿನಲ್ಲೋ ಕೊಯಮತ್ತೂರಿನಲ್ಲೋ ಕೆಲಸಕ್ಕೆ ಸೇರುವ ಹುಡುಗನಿಗೆ ಅಪಾಯ ಎಂಬ ಫಲಕ ತಮಿಳಿನಲ್ಲೇ ಕಾಣುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಇರಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಹಕ್ಕನ್ನು ಕೇಳುವ ನಾವು, ಅದರಿಂದ ಮಗುವಿನ ತಿಳಿವಳಿಕೆ ಗಟ್ಟಿಯಾಗುತ್ತಿದೆಯೇ ಎಂದೂ ನೋಡಿಕೊಳ್ಳಬೇಕು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ರಜಾ ದಿನಗಳಲ್ಲಿ ನಾಲ್ಕು ಕಾಸು ಸಿಗುತ್ತದೆಂದು ಮಕ್ಕಳು ಗುಜರಿ ಕೂಡಿಸುವುದುಂಟು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ನಾಲ್ಕು ವಸ್ತುಗಳನ್ನು ಅವರು ಮುಟ್ಟಬಾರದು.

ಮೊದಲನೆಯದು ಬ್ಯಾಟರಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ; ಉಳಿದದ್ದರಲ್ಲಿ ಗಂಧಕಾಮ್ಲ. ಸೀಸಕ್ಕಾಗಿ ಬ್ಯಾಟರಿ ಒಡೆದರೆ ಆಮ್ಲ ಕಣ್ಣಿಗೆ ಹಾರುತ್ತದೆ, ಸೀಸದ ಪುಡಿ ಕೈಯಿಂದ ಬಾಯಿಗೆ, ಅಂಗಳದ ಮಣ್ಣಿಗೆ ಸೇರುತ್ತದೆ. ಸೀಸ ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಹಾಗೆ ಕುಂದಿದ್ದನ್ನು ಯಾವ ಮೇಷ್ಟರೂ ತುಂಬಿಕೊಡಲಾರರು. ಜಗತ್ತಿನಲ್ಲಿ ಮೂರು ಮಕ್ಕಳಲ್ಲಿ ಒಬ್ಬರಂತೆ, ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕಪಡುವಷ್ಟು ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು. ಹಳೆಯ ಬ್ಯಾಟರಿಗಳನ್ನು ಮನಬಂದಂತೆ ಒಡೆದು ಕರಗಿಸುವುದು ಅದರ ದೊಡ್ಡ ಕಾರಣಗಳಲ್ಲೊಂದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಇಡಿಯಾಗಿ ಅಂಗಡಿಗೇ ಹಿಂತಿರುಗಿಸಿ.

ಎರಡನೆಯದು ತಂತಿ. ತಾಮ್ರ ತೆಗೆಯಲು ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಬೆಂಕಿಗೆ ಹಾಕುವುದನ್ನು ತಾವು ಕಂಡಿರಬಹುದು. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಯಂತ್ರವಿರುವಲ್ಲಿ ಹೊದಿಕೆಯನ್ನು ಸೀಳಿ ತೆಗೆಯುತ್ತಾರೆ, ಸುಡುವುದಿಲ್ಲ. ಹಾಳಾದ ಮೊಬೈಲು, ಟೀವಿಗಳ ಮಾತೂ ಇದೇ. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ಇ-ಪರಿಸರ ಎಂಬ ಸಂಸ್ಥೆ ಸರ್ಕಾರದ ಅನುಮತಿ ಪಡೆದು ಇವನ್ನು ಕ್ರಮವಾಗಿ ಬಿಚ್ಚಿ ಬೇರ್ಪಡಿಸುವ ಕೆಲಸ ಆರಂಭಿಸಿತು. ಕ್ರಮವಾದ ದಾರಿ ಇರುವಾಗ ಒಲೆಯ ದಾರಿ ನಮಗೆ ಬೇಡ.

ಮೂರನೆಯದು ಮುಚ್ಚಿದ ಪಾತ್ರೆ. ಗ್ಯಾಸ್ ಸಿಲಿಂಡರು, ಫ್ರಿಜ್ಜಿನ ಕಂಪ್ರೆಸರು, ಸೆಂಟಿನ ಡಬ್ಬಿ, ಎರಡು ಕಡೆಯೂ ಮುಚ್ಚಿದ ಪೈಪು. ನೀರು ಆವಿಯಾದಾಗ 1,600 ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಒಳಗೆ ನೀರು ನಿಂತ ಪೈಪು ಕುಲುಮೆಗೆ ಬಿದ್ದರೆ ಸಿಡಿಯುತ್ತದೆ. ನಮ್ಮ ಹಿತ್ತಲಿನ ಅಸಡ್ಡೆಗೆ ಎಲ್ಲಿಯದೋ ಕುಲುಮೆಯ ಕಾರ್ಮಿಕ ಬಲಿಯಾಗುತ್ತಾನೆ. 2004ರಲ್ಲಿ ದೆಹಲಿಯ ಬಳಿ ಗಾಜಿಯಾಬಾದಿನ ಉಕ್ಕಿನ ಕಾರ್ಖಾನೆಯೊಂದರಲ್ಲಿ, ಹೊರದೇಶದಿಂದ ಬಂದ ಗುಜರಿಯೊಳಗೆ ಉಳಿದಿದ್ದ ಯುದ್ಧದ ಶೆಲ್ಲುಗಳು ಸಿಡಿದು ಕಾರ್ಮಿಕರು ಸತ್ತರು.

ನಾಲ್ಕನೆಯದು ಗುರುತು ಸಿಗದ ವಸ್ತು. 1987ರಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾದಲ್ಲಿ, ಪಾಳುಬಿದ್ದ ಆಸ್ಪತ್ರೆಯಿಂದ ತಂದ ಯಂತ್ರವನ್ನು ಗುಜರಿಯವರು ಒಡೆದರು. ಒಳಗೆ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿಯಿತ್ತು. ಚೆಂದವೆಂದು ಮನೆಮನೆಗೆ ಹಂಚಿದರು. ಅದು ವಿಕಿರಣ ಸೂಸುವ ಸೀಸಿಯಂ. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ದೂರದ ಕಥೆಯೆನ್ನಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹರಾಜಾಗಿ ಬಂದ ಉಪಕರಣದೊಳಗಿನ ಕೋಬಾಲ್ಟ್ ಒಬ್ಬ ಕಾರ್ಮಿಕನ ಜೀವ ತೆಗೆಯಿತು. ಹಳದಿ ಹಿನ್ನೆಲೆಯ ಮೇಲೆ ಮೂರು ಎಸಳಿನ ಗುರುತು ಕಂಡರೆ ಮುಟ್ಟದೆ ದೂರ ಸರಿದು ಹಿರಿಯರಿಗೆ ಹೇಳಬೇಕೆಂದು ಪ್ರತಿ ಮಗುವಿಗೂ ಗೊತ್ತಿರಬೇಕು. ಆ ಗುರುತು ಎಲ್ಲ ಭಾಷೆಯವರಿಗೂ ಒಂದೇ.

ಬಂಧುಗಳೇ, ಹದಿನಾಲ್ಕು ತುಂಬದ ಮಗುವನ್ನು ಗುಜರಿ ಅಂಗಡಿಯಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧ. 2016ರ ತಿದ್ದುಪಡಿಯ ನಂತರ ಹದಿನೆಂಟರ ಒಳಗಿನವರನ್ನೂ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಬೆಳೆ ಕೈಕೊಟ್ಟ ವರ್ಷ ಮನೆಯ ಕಷ್ಟ ನನಗೆ ತಿಳಿಯದ್ದಲ್ಲ. ಆದರೂ ಒಂದು ವರ್ಷವೆಂದು ಶಾಲೆ ಬಿಟ್ಟ ಮಗು ಮರಳಿ ಬರುವುದು ಅಪರೂಪ. ಆ ಉದ್ಯಮಕ್ಕೇ ಹೋಗಲಿ, ತಪ್ಪಿಲ್ಲ. ಓದು ಮುಗಿಸಿ, ಐಟಿಐಯಲ್ಲಿ ಫಿಟ್ಟರೋ ವೆಲ್ಡರೋ ಆಗಿ, ಯಂತ್ರ ನಡೆಸುವವನಾಗಿ ಹೋಗಲಿ. ಬರಿಗೈಯಲ್ಲಿ ಬ್ಯಾಟರಿ ಒಡೆಯುವವನಾಗಿ ಬೇಡ.

ಕಡೆಯದಾಗಿ ತಮ್ಮಲ್ಲಿ ಮೂರು ಕೋರಿಕೆಗಳು. ಮನೆಯಲ್ಲಿ ಗುಜರಿಗೆ ಮೂರು ಚೀಲ ಇಡಿ: ಕಬ್ಬಿಣಕ್ಕೊಂದು, ತಾಮ್ರ ಹಿತ್ತಾಳೆಗೊಂದು, ಅಲ್ಯೂಮಿನಿಯಂಗೊಂದು. ಅಯಸ್ಕಾಂತದ ತುಂಡೊಂದನ್ನು ಮಗುವಿನ ಕೈಗೆ ಕೊಟ್ಟು ತಮ್ಮ ಎದುರಿಗೇ ವಿಂಗಡಿಸಲು ಹೇಳಿ. ಹಿತ್ತಾಳೆಯ ಬಣ್ಣವಿದ್ದರೂ ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದೆಯೆಂದು ಅದೇ ತಮಗೆ ಹೇಳುತ್ತದೆ. ಎರಡನೆಯದು, ತೂಕ ಮಾಡುವಾಗ ತಕ್ಕಡಿಗೆ ಸರ್ಕಾರದ ಮುದ್ರೆ ಇದೆಯೇ ನೋಡಿ, ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. ಮೂರನೆಯದು, ನಾನು ಹೇಳಿದ ನಾಲ್ಕು ವಸ್ತುಗಳ ಹೆಸರನ್ನು ಮನೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ; ಪಕ್ಕದಲ್ಲಿ ತಮಿಳಿನಲ್ಲೂ ಬರೆಸಿ. ಬರೆಯುವ ಕೈ ಮಗುವಿನದೇ ಆಗಿರಲಿ.