ಹಿಮಗಡಲಿನ ಸಾಕ್ಷಿ, ಕಾಳಿಯ ದಡ



ಘಟ್ಟದ ಸಿಹಿನೀರಿಗೆ ಉಬ್ಬರದ ಉಪ್ಪುನೀರು ಎದುರಾಗುವುದನ್ನು ಹಣಕೋಣದ ಬಳಿ ಕಾಳಿಯಲ್ಲಿ ತಾವು ನಿತ್ಯ ಕಾಣುತ್ತೀರಿ. ಆ ಕಡಲಿನ ಮಟ್ಟ ದಕ್ಷಿಣ ಧ್ರುವದ ಹಿಮವನ್ನೂ ಅವಲಂಬಿಸಿದೆ. ಆ ಹಿಮ ಹಿಂದೊಮ್ಮೆ ಕುಸಿದಿತ್ತೇ ಎಂಬ ಪ್ರಶ್ನೆಗೆ ಬೆನ್ನೆಲುಬಿಲ್ಲದ ಜೀವಿಯೊಂದು, ಟರ್ಕೆಟ್ ಆಕ್ಟೋಪಸ್, ಸಾಕ್ಷಿ ನುಡಿದಿದೆ.

ಇದು ಧ್ರುವದ ಕಡಲತಳದಲ್ಲಿ ವಾಸಿಸುತ್ತದೆ, ದೂರ ಸಂಚರಿಸದು. ಅಲ್ಲಿನ ವೆಡೆಲ್ ಮತ್ತು ರಾಸ್ ಸಮುದ್ರಗಳ ನಡುವೆ ಪಶ್ಚಿಮ ಅಂಟಾರ್ಕ್ಟಿಕದ ಹಿಮರಾಶಿ ಗೋಡೆಯಂತೆ ನಿಂತಿದೆ. ಆದರೂ ಎರಡೂ ಕಡೆಯ ಆಕ್ಟೋಪಸ್‌ಗಳ ವಂಶವಾಹಿಗಳು ಹಿಂದೆ ಬೆರೆತಿದ್ದುವೆಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅರ್ಥಾತ್, ಸುಮಾರು 1,25,000 ವರ್ಷಗಳ ಹಿಂದೆ ಆ ಗೋಡೆ ಕುಸಿದು ಕಡಲಿಗೆ ದಾರಿಯಾಗಿತ್ತು. ಆಗಿನ ಉಷ್ಣತೆ ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 0.5ರಿಂದ 1.5 ಡಿಗ್ರಿ ಮಾತ್ರ ಅಧಿಕ; ಕಡಲಮಟ್ಟವಾದರೋ ಇಂದಿಗಿಂತ ಹಲವು ಮೀಟರ್ ಎತ್ತರ. ಇಂದಿನ ಉಷ್ಣತೆಯೂ ಬಹುಮಟ್ಟಿಗೆ ಅಷ್ಟೇ ಏರಿದೆ.

ನಮ್ಮ ಬಳಚು, ಕಲ್ವಗಳಲ್ಲಿಯೂ ವಂಶವೈವಿಧ್ಯ ಅಡಗಿದೆ. ಉಪ್ಪಿನಂಶ ಬದಲಾದಾಗ ಕೆಲವಾದರೂ ಬದುಕುಳಿಯುವುದು ಅದರ ಬಲದಿಂದ. ಮರಿಗಳನ್ನೂ ಬಿಡದೆ ಬಾಚಿದರೆ, ಮರಳು ಬಗೆದರೆ ಆ ಬಲ ಕುಗ್ಗುತ್ತದೆ. ಧ್ರುವದ ಹಿಮವನ್ನು ನಾವಷ್ಟೇ ಉಳಿಸಲಾರೆವು; ಕಾಳಿಯ ತಳವನ್ನು ಕಾಯಬಲ್ಲೆವು. ಅಷ್ಟನ್ನಾದರೂ ಮಾಡೋಣ.